ಬಳೆ ತೊಡಿಸದ ಕುಬಸ

ನನ್ನ ಮುಂಗೈ ಅಳತೆ ಸವಾದೋನ. ಸೊಲ್ಲಾಪುರದಲ್ಲಿ ಬಳೆಯ ಅಳತೆಯನ್ನು ಮರಾಠಿಯಲ್ಲೇ ಹೇಳುವುದು ರೂಢಿ. ಎರಡೂಕಾಲು ಎಂದು ಕನ್ನಡದಲ್ಲಿ ಕೇಳಿದರೆ ಅಂಗಡಿಯವರು ಒಂದು ಕ್ಷಣ ಮುಖ ನೋಡಿ, ಆಮೇಲೆ ಸವಾದೋನದ ಡಬ್ಬಿ ಇಳಿಸುತ್ತಾರೆ. ನವಿ ಪೇಠದ ಬಟ್ಟೆ ಅಂಗಡಿಗಳ ನಡುವೆ ಒಬ್ಬರೇ ಕೂರುವಷ್ಟು ಜಾಗದ ಒಂದು ಬಳೆ ಅಂಗಡಿ ಇದೆ. ಅದರ ಒಡತಿಯನ್ನು ಎಲ್ಲರೂ ಮಾವಶಿ ಅನ್ನುತ್ತಾರೆ. ನನ್ನ ಮದುವೆಗೆ ಬಳೆ ತೊಡಿಸಿದವರು ಅವರು. ಆಮೇಲೆ ಹಬ್ಬ ಹುಣ್ಣಿಮೆಗೆಲ್ಲ ಅವರ ಮುಂದೆಯೇ ಕೈ ಚಾಚಿದ್ದೇನೆ. ಒಂದು ಸಲವೂ ಕೈಗೆ ಗೀರು ಬಿದ್ದಿಲ್ಲ.

ಅಂಥ ಮಾವಶಿ ನನ್ನ ಕುಬಸದ ದಿನ, ಅಂದರೆ ಸೀಮಂತದ ದಿನ, ಮನೆಗೆ ಬಂದು, ಹಸಿರು ಬಳೆಯ ಡಬ್ಬಿ ಬಿಚ್ಚಿ, ನನ್ನ ಕೈ ಹಿಡಿದು ನೋಡಿ, ಡಬ್ಬಿ ಮುಚ್ಚಿಬಿಟ್ಟರು. ಏಳು ತಿಂಗಳ ಬಸುರಿ, ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತವಳು, ಅವಳಿಗೆ ಬಳೆ ತೊಡಿಸುವುದಿಲ್ಲ ಅಂದುಬಿಟ್ಟರು. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದು ಯಾಕೆ ಹಾಗಾಯಿತು ಅನ್ನುವುದನ್ನು ಹೇಳಬೇಕಾದರೆ ನಾನು ಮೊದಲು ನಮ್ಮ ಮನೆಯ ಸುಳ್ಳುಗಳನ್ನು ಹೇಳಬೇಕು.

ನನ್ನ ತವರು ಮೈಂದರ್ಗಿ. ಆರು ವರ್ಷದವಳಿದ್ದಾಗ ನನಗೆ ರಕ್ತದ ಕ್ಯಾನ್ಸರ್ ಆಯಿತು. ಅಪ್ಪ ಅಂಗಡಿ ನೋಡಿಕೊಂಡು ಊರಲ್ಲಿ ಉಳಿದ. ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮುಂಬೈಗೆ ಹೋದಳು. ಅವಳಿಗೆ ಅಲ್ಲಿಯವರೆಗೆ ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಆಚೆ ಒಬ್ಬಳೇ ಹೋಗಿ ಗೊತ್ತಿರಲಿಲ್ಲ. ಮುಂಬೈಯಲ್ಲಿ ಎಷ್ಟು ತಿಂಗಳು ಇದ್ದೆವು, ಎಷ್ಟು ಸಲ ಹೋಗಿ ಬಂದೆವು, ನನಗೆ ಸರಿಯಾಗಿ ನೆನಪಿಲ್ಲ. ಕೆಂಪು ಔಷಧ ಮಾತ್ರ ನೆನಪಿದೆ. ಬೇರೆ ಔಷಧಗಳೆಲ್ಲ ನೀರಿನ ಬಣ್ಣದವು. ಇದೊಂದು ಕೆಂಪಗೆ ನಳಿಗೆಯಲ್ಲಿ ಇಳಿದು ಬರುವುದು. ಮರುದಿನ ಉಚ್ಚೆಯೂ ಕೆಂಪು. ಮೊದಲ ಸಲ ಅದನ್ನು ನೋಡಿ ನಾನು ವಾರ್ಡೆಲ್ಲ ಕೇಳುವ ಹಾಗೆ ಚೀರಿದೆ.

"ಅಳಬ್ಯಾಡ ನನ ಕೂಸ. ಬ್ಯಾನಿ ಕರಗಿ ಹೊಂಟದ, ನೋಡು," ಅಂದಳು ಅವ್ವ.

ನಾನು ನಂಬಿದೆ. ಆಮೇಲೆ ಕೆಂಪು ಬಂದ ದಿನವೆಲ್ಲ ಖುಷಿಯಿಂದ ಪಕ್ಕದ ಹಾಸಿಗೆಯ ಹುಡುಗಿಯನ್ನು ಕರೆದು ತೋರಿಸುತ್ತಿದ್ದೆ. ನರ್ಸಮ್ಮ ನನ್ನನ್ನು ಬೈದು ಬೈದು ಸುಸ್ತಾಗಿದ್ದಳು.

ತಲೆಗೂದಲು ಉದುರಿತು. ಊರಿಗೆ ಬಂದಾಗ ಕೇಳಿದವರಿಗೆ ಅವ್ವ, "ಮುಡಿ ಕೊಟ್ಟೇವ್ರಿ, ಹರಕಿ ಇತ್ತು," ಅಂದಳು. ಯಾವ ದೇವರಿಗೆ ಎಂದು ಓಣಿಯ ಮುದುಕಿಯೊಬ್ಬಳು ಬಿಡದೆ ಹಿಡಿದಳು. ಅವ್ವ ತಡವರಿಸಿ, "ಅಲ್ಲೇ, ಮುಂಬೈ ಕಡೀ ದೇವರು," ಅಂದಳು. ಮುದುಕಿ ಕೈ ಮುಗಿದಳು. ರೋಗ ಯಾವುದು ಎಂದು ಕೇಳಿದವರಿಗೆ ಕಾಮಣಿ ಎಂದು ಹೇಳುವುದಾಯಿತು. ಕಾಮಣಿ ಎಂದರೆ ಕಣ್ಣು ಹಳದಿಯಾಗುತ್ತದಲ್ಲ, ಅದು. ಯಾರ ಮನೆಯಲ್ಲಿ ಆಗಿಲ್ಲ ಕಾಮಣಿ? ಯಾರೂ ಮತ್ತೆ ಕೇಳಲಿಲ್ಲ.

ನಾನು ಗುಣವಾದೆ. ಹಲವು ವರ್ಷ ತೋರಿಸಿದ ಮೇಲೆ ಡಾಕ್ಟರು ಗುಣವಾಯಿತು ಅಂದರು. ಅವ್ವ ಆಸ್ಪತ್ರೆಯ ಫೈಲನ್ನು ತನ್ನ ಮದುವೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿ ಕೀಲಿ ಹಾಕಿದಳು. "ಅದನ್ನ ತಗೀಬ್ಯಾಡ," ಅಂದಳು. ನಾನು ತೆಗೆಯಲಿಲ್ಲ. ದೊಡ್ಡವಳಾದೆ, ಅಪ್ಪ ಹೋದ, ಕಲಿತೆ, ಅಕ್ಕಲಕೋಟದ ಹತ್ತಿರದ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾದೆ. ಊರ ಮಕ್ಕಳಿಗೆಲ್ಲ ಓದಿ, ಓದಿ ಎಂದು ಗದರಿಸುವ ನಾನು ನನ್ನದೇ ಕಾಗದ ಒಂದು ಸಲವೂ ಓದಲಿಲ್ಲ. ಇದಕ್ಕೆ ಏನನ್ನಬೇಕೋ ನೀವೇ ಅನ್ನಿ.

ಮದುವೆಯ ಮಾತು ಬಂದಾಗ ಅವ್ವ ನನ್ನ ಕೈ ಹಿಡಿದುಕೊಂಡು, "ಕಾಮಣಿ ಅಷ್ಟ. ತಿಳೀತೇನು?" ಅಂದಳು. ನನಗೆ ಅದು ಸರಿಬೀಳಲಿಲ್ಲ. ಹುಡುಗನನ್ನು ಅಕ್ಕಲಕೋಟದಲ್ಲಿ ಎರಡನೇ ಸಲ ಭೇಟಿಯಾದಾಗ, ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ. ಅವರು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದರು. ನಾನು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಬಿಸ್ಕೀಟು ಮುಳುಗಿಹೋಗಿತ್ತು.

"ಈಗ ಆರಾಮ ಅದೀಯಲ್ಲ?" ಅಂದರು.

"ಆರಾಮ ಅದೀನಿ."

"ಮತ್ತೇನದ? ನಮ್ಮವ್ವಗ ನಾನಾ ಹೇಳ್ತೀನಿ. ಟೈಮ್ ನೋಡಿ ಹೇಳ್ತೀನಿ."

ಮೂರು ವರ್ಷ ಅವರು ಟೈಮ್ ನೋಡಿದರು. ನನ್ನ ಗಂಡ ಒಳ್ಳೆಯವರು, ಆದರೆ ತಾಯಿಯ ಮುಂದೆ ಬಾಯಿ ಬಿಡುವ ಜಾತಿಯಲ್ಲ. ಅವರು ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಆದ್ದರಿಂದ ಅವರ ಬಗ್ಗೆ ಇಲ್ಲಿ ನಿರ್ಭಯವಾಗಿ ಬರೆಯಬಹುದು.

ಅತ್ತೆಯ ಬಗ್ಗೆ ಹೇಳಬೇಕು. ಅವರು ಮೂವತ್ತು ವರ್ಷ ಸೊಲ್ಲಾಪುರದ ಒಂದು ಶಾಲೆಯ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದವರು. ಮಕ್ಕಳ ದಾಖಲಾತಿ, ಹುಟ್ಟಿದ ತಾರೀಖು, ದಾಖಲೆ ಪತ್ರ, ಎಲ್ಲ ಅವರ ಕೈಯಲ್ಲೇ. ಅಕ್ಷರ ಮುತ್ತು ಪೋಣಿಸಿದಂತೆ. ಮನೆಗೆ ಯಾವ ಫಾರ್ಮು ಬಂದರೂ, ಗ್ಯಾಸಿನದಿರಲಿ ಬ್ಯಾಂಕಿನದಿರಲಿ, ಅವರೇ ತುಂಬಬೇಕು. ಬೇರೆಯವರು ತುಂಬಿದರೆ ಅವರಿಗೆ ಊಟ ಸೇರುವುದಿಲ್ಲ. ದನಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ಆದರೆ ಮೊದಲು ದನಿಯೇ ಕೇಳುವುದರಿಂದ ಜನ ಹೆದರುತ್ತಾರೆ. ನಾನೂ ಹೆದರುತ್ತಿದ್ದೆ.

ನಾನು ಬಸುರಿಯಾದಾಗ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚುವುದೊಂದು ಬಾಕಿ. ನನ್ನನ್ನು ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಪಕ್ಕದ ಕುರ್ಚಿಯಲ್ಲಿ ಕೂತು, ಅಲ್ಲಿಯ ಫಾರ್ಮನ್ನೂ ಇಸಿದುಕೊಂಡರು. ಹೆಸರು, ವಯಸ್ಸು, ರಕ್ತದ ಗುಂಪು. ಹಿಂದೆ ದೊಡ್ಡ ಕಾಯಿಲೆ ಏನಾದರೂ ಆಗಿತ್ತೇ ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

"ಕಾಮಣಿ," ಅಂದೆ. "ಸಣ್ಣಾಕಿದ್ದಾಗ."

ಅತ್ತೆ ಮರಾಠಿಯಲ್ಲಿ ದುಂಡಗೆ ಬರೆದರು. ಡಾಕ್ಟರು ಅದನ್ನು ಓದಿ, ಬೇರೆ ಏನೂ ಇಲ್ಲವಾ ಎಂದು ಬಾಯಿಬಿಟ್ಟೇ ಕೇಳಿದರು. ಇಲ್ಲ ಅಂದೆ. ಮುಂದಿನ ತಿಂಗಳು ಇನ್ನೊಮ್ಮೆ ಕೇಳಿದರು. ಆಗಲೂ ಅತ್ತೆ ಪಕ್ಕದಲ್ಲಿದ್ದರು. ಇಲ್ಲ ಅಂದೆ. ಮುಗಿದುಹೋದ ರೋಗ, ಈಗ ಯಾಕೆ ಎತ್ತಬೇಕು ಎಂದೇ ನನ್ನ ಲೆಕ್ಕ. ಇಪ್ಪತ್ತು ವರ್ಷದ ಮೇಲಾಗಿತ್ತು, ನನಗೆ ಅದು ಯಾರದೋ ಕತೆಯ ಹಾಗಿತ್ತು.

ಐದನೇ ತಿಂಗಳು ದಾಟಿದ ಮೇಲೆ ದಮ್ಮು ಹತ್ತತೊಡಗಿತು. ದಿನವೂ ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಬಸ್ಸು, ಅಲ್ಲಿಂದ ಶಾಲೆಗೆ ರಿಕ್ಷಾ. ಬಸ್ಸಿನ ಮೂರು ಮೆಟ್ಟಿಲು ಹತ್ತಿದರೆ ಕಂಬ ಹಿಡಿದು ನಿಲ್ಲಬೇಕು. ಪಾಠದ ನಡುವೆ ಪದ್ಯ ಹಾಡುವಾಗ ಒಂದು ಸಾಲಿಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕು. ಮಲಗಿದರೆ ಒಣ ಕೆಮ್ಮು. ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಕೊನೆಗೆ ಗೋಡೆಗೆ ಒರಗಿಯೇ ಕಣ್ಣು ಮುಚ್ಚುತ್ತಿದ್ದೆ.

ಹೇಳಿದ್ದಕ್ಕೆ ಎಲ್ಲರ ಬಳಿಯೂ ಉತ್ತರ ತಯಾರಿತ್ತು. "ಬಸುರಿಗಿ ದಮ್ಮು ಬರದ ಇರ್ತದೇನ?" "ಕೂಸು ಮ್ಯಾಲ ಕುಂತದ." "ಗಂಡು ಇರಬೇಕು, ಅದಕಾ ಇಷ್ಟು ಕಾಡಾಕತ್ತದ." ಡಾಕ್ಟರು ರಕ್ತದೊತ್ತಡ ನೋಡಿದರು, ಸರಿಯಿತ್ತು. ರಕ್ತ ಸ್ವಲ್ಪ ಕಡಿಮೆ ಇತ್ತು, ಕಬ್ಬಿಣದ ಗುಳಿಗೆ ಹೆಚ್ಚಿಸಿದರು. ಅವರದೇನು ತಪ್ಪು? ನಾನು ಹೇಳಿದ್ದನ್ನು ಅವರು ನಂಬಿದ್ದರು.

ಅವ್ವ ಮೈಂದರ್ಗಿಯಿಂದ ವಾರಕ್ಕೊಮ್ಮೆ ಗಂಟು ಕಳಿಸುತ್ತಿದ್ದಳು. ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಬಸುರಿಯ ಬಾಯಿಗೆ ಖಾರ ಉಪ್ಪು ಬೇಕು ಎಂದು. ನಾನು ಚಟ್ನಿಯನ್ನು ಬೊಗಸೆಯಲ್ಲಿ ತಿಂದೆ. ಏಳನೇ ತಿಂಗಳಲ್ಲಿ ಹತ್ತೇ ದಿನಕ್ಕೆ ನನ್ನ ತೂಕ ನಾಲ್ಕು ಕಿಲೋ ಏರಿತು. ಅತ್ತೆಗೆ ಹಿಗ್ಗು ತಡೆಯಲಿಲ್ಲ. ನನ್ನ ಗಲ್ಲ ಹಿಡಿದು, "ನೋಡ್ರಿ, ಮೈ ಕೈ ಹ್ಯಾಂಗ ತುಂಬ್ಯಾಳ ನಮ್ಮ ಹುಡುಗಿ," ಎಂದು ಬಂದವರಿಗೆಲ್ಲ ತೋರಿಸಿದರು. ಯಾರ ದೃಷ್ಟಿಯೂ ಬೀಳಬಾರದೆಂದು ಉಪ್ಪು ಇಳಿ ತೆಗೆದು ಒಲೆಗೆ ಹಾಕಿದರು. ಪ್ರೀತಿಯಿಂದ ನೋಡುವವರಿಗೆ ಬಾವು ಕೂಡ ಪುಷ್ಟಿಯಾಗಿ ಕಾಣುತ್ತದೆ ಎಂದು ನಾನು ಆಗ ಅರಿಯಲಿಲ್ಲ.

ಕುಬಸ ನಮ್ಮ ಅತ್ತೆಯ ಮನೆಯಲ್ಲಿ ಇಟ್ಟುಕೊಂಡಿದ್ದರು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಕುಬಸ ಮುಗಿಸಿ ಸಂಜೆಯ ಬಸ್ಸಿಗೆ ನಾನು ಅವ್ವನ ಜೊತೆ ಮೈಂದರ್ಗಿಗೆ ಹೋಗುವುದು ಎಂದು ನಿಶ್ಚಯವಾಗಿತ್ತು. ನನ್ನ ಚೀಲ ಬಾಗಿಲ ಬಳಿ ಕಟ್ಟಿ ಇಟ್ಟಿತ್ತು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಬರಬೇಕಾದರೆ ಎರಡು ಬಸ್ಸು.

ಬೆಳಿಗ್ಗೆ ಹತ್ತು ಗಂಟೆಗೆ ಮಾವಶಿ ಬಂದರು. ಹೆಂಗಸರು ಸುತ್ತ ಕೂತಿದ್ದರು. ಮಾವಶಿ ಎಂದಿನಂತೆ ಸವಾದೋನದ ಹಸಿರು ಬಳೆ ತೆಗೆದು ನನ್ನ ಕೈಯನ್ನು ತಮ್ಮ ಅಂಗೈಯಲ್ಲಿ ಮುದ್ದೆ ಮಾಡಿ ಹಿಡಿದರು. ಬಳೆ ಬೆರಳ ಗಂಟನ್ನೇ ದಾಟಲಿಲ್ಲ. ಅಡೀಚ ತೆಗೆದರು, ಎರಡೂವರೆಯದು. ಅದೂ ನಿಂತಿತು. ನನ್ನ ಮುಂಗೈ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು, ಬಿಟ್ಟರು. ಅಲ್ಲಿ ಒಂದು ಕುಣಿ, ಬೆರಳೊತ್ತಿದ ಗುಳಿ, ಉಳಿಯಿತು. ಇಬ್ಬರೂ ಅದನ್ನೇ ನೋಡಿದೆವು. ಅದು ತುಂಬಿಕೊಳ್ಳಲೇ ಇಲ್ಲ.

"ಹೋದ ತಿಂಗಳ ಸವಾದೋನ ಸಡಲ ಆಗಿತ್ತು ನಿನಗ," ಅಂದರು. "ಎಂದ ಬಂತು ಇದು?"

"ಬಸುರಿನ ಬಾವ್ರಿ ಮಾವಶಿ," ಎಂದಳು ಅವ್ವ, ನಗುತ್ತ.

"ಬಸುರ್ಯಾರ ಕೈ ನಾ ದಿನಾ ಹಿಡೀತೀನ್ರಿ ಬಾಯಿ. ಬಸುರಿನ ಬಾವು ಕಾಲಾಗ ಇರ್ತದ. ಸಂಜೀಕ ಬರ್ತದ, ಮುಂಜಾನೆ ಇಳೀತದ. ಇದು ಮುಂಜಾನಿ ಹತ್ತು ಗಂಟೇಕ ಕೈಯಾಗ ಕುಂತದ. ಮತ್ತ ಈಕಿ ಕುಂತಲ್ಲೇ ತೇಕಾಕತ್ಯಾಳ." ನನ್ನ ಕಡೆ ತಿರುಗಿದರು. "ಚಪ್ಪಟ ಮಲಗಾಕ ಬರ್ತದೇನವ್ವ ನಿನಗ?"

ನಾನು ಇಲ್ಲ ಎಂದು ತಲೆಯಾಡಿಸಿದೆ.

ಮಾವಶಿ ಡಬ್ಬಿ ಮುಚ್ಚಿದರು. "ನಾ ಇವತ್ತ ಬಳಿ ತೊಡಸಂಗಿಲ್ಲ. ಮೊದಲ ದವಾಖಾನಿಗಿ ಒಯ್ರಿ. ತಿರುಗಿ ಬಂದ ಮ್ಯಾಲ ನಾನಾ ಬಂದು ತೊಡಸ್ತೀನಿ."

ಸುತ್ತಲಿನ ಹೆಂಗಸರು ಅಯ್ಯಯ್ಯ ಅಂದರು. ಶುಭಕಾರ್ಯದ ದಿನ, ಬಸುರಿಯ ಮುಂದೆ, ಇದೇನು ಅಪಶಕುನದ ಮಾತು ಎಂದರು. ನನಗೆ ಅಳು ಬಂತು, ಸಿಟ್ಟೂ ಬಂತು. "ಬಳಿ ಮಾರೂದು ಬಿಟ್ಟು ಡಾಕ್ಟರಕಿ ಮಾಡಾಕತ್ತೀರೇನು?" ಎಂದು ಅವರ ಮುಖದ ಮೇಲೇ ಅಂದುಬಿಟ್ಟೆ. ಮಾವಶಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಅತ್ತೆ ನನ್ನ ಮುಂಗೈಯ ಕುಣಿಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, "ಒಳಗ ಬಾ," ಅಂದರು.

ಒಳಗಿನ ಕೋಣೆಯಲ್ಲಿ ನಾವು ಮೂವರೇ: ಅತ್ತೆ, ಅವ್ವ, ನಾನು. ಅವ್ವ ನನ್ನ ಕಡೆ ಕಣ್ಣು ಬಿಟ್ಟು ನೋಡಿದಳು. ಆ ನೋಟ ನನಗೆ ಆರು ವರ್ಷದವಳಿದ್ದಾಗಿನಿಂದ ಗೊತ್ತು, ಹೇಳಬೇಡ ಎಂಬ ನೋಟ. ಆದರೆ ಹೊಟ್ಟೆಯಲ್ಲಿ ಕೂಸು ಹೊರಳಿತು. ನನಗೆ ನಿಜವಾಗಿ ಭಯವಾಯಿತು, ನನಗಾಗಿ ಅಲ್ಲ.

"ಅತ್ತಿ, ನನಗ ಆಗಿದ್ದು ಕಾಮಣಿ ಅಲ್ರಿ," ಅಂದೆ. "ಕ್ಯಾನ್ಸರ್ ಆಗಿತ್ತು. ಆರು ವರ್ಷದಾಕಿದ್ದಾಗ."

ಅತ್ತೆ ಕೂಗಲಿಲ್ಲ. ಕೂಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮಂಚದ ಅಂಚಿನಲ್ಲಿ ಕೂತರು.

"ನನ್ನ ಕೈಲೆ ಬರಸೀದಿ," ಅಂದರು. "ಮೂವತ್ತು ವರ್ಷ ಆಫೀಸಿನಾಗ ಫಾರ್ಮ ತುಂಬೀನಿ. ಒಂದು ಹುಟ್ಟಿದ ತಾರೀಖ ತಪ್ಪು ಬರದಿಲ್ಲ. ನನ್ನ ಬಾಜೂಕ ಕುಂತು ನನ್ನ ಕೈಲೆ ಸುಳ್ಳ ಬರಸೀದಿ."

ಅವ್ವ ಮುಂದೆ ಬಂದಳು. "ಆಕೀದು ತಪ್ಪಿಲ್ರಿ. ನಾ ಹೇಳಿಸಿದ್ದು. ಅಂಜಿಕಿ ಇತ್ರಿ ನನಗ."

"ಏನಂಜಿಕಿ ಬೀಗತ್ಯಾರ? ಹುಡುಗಿ ಸಾವು ಗೆದ್ದು ಬಂದಾಳ ಅಂದ್ರ ನಾ ಬ್ಯಾಡ ಅಂತಿದ್ನೇನು?"

"ಅಂತಿದ್ರೇನೋ ಅಂತ…"

ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. ಆ ಯೋಚನೆಗಾಗಿ ನಾನು ಅವರನ್ನು ಇವತ್ತಿಗೂ ಗೌರವಿಸುತ್ತೇನೆ.

"ಅಂತಿದ್ದೆನೇನೋ," ಅಂದರು. "ಗೊತ್ತಿಲ್ಲ. ಆಗ ನಾ ಆಕಿನ್ನ ನೋಡಿದ್ದಿಲ್ಲಲ್ಲ. ಈಗ ನೋಡೀನಿ. ಈಗ ಯಾರು ಬ್ಯಾಡ ಅಂದ್ರೂ ನಾ ಬಿಡಂಗಿಲ್ಲ." ಎದ್ದು ಸೆರಗು ಬಿಗಿದುಕೊಂಡರು. "ಏಳ್ರಿ. ರಿಕ್ಷಾ ತರಸ್ರಿ."

ಮಣೆ, ಆರತಿ, ಬೇಯಿಸಿಟ್ಟ ಹೋಳಿಗೆ ಎಲ್ಲ ಹಾಗೆಯೇ ಬಿಟ್ಟು ನಾವು ಹೊರಟೆವು. ಹಸಿರು ಸೀರೆಯಲ್ಲೇ ನಾನು ಲೇಡಿ ಡಾಕ್ಟರ ಮುಂದೆ ಕೂತೆ. ಅವರು ಕೇಳಿ ಒಂದು ನಿಮಿಷವೂ ತಡಮಾಡಲಿಲ್ಲ. ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರಿಗೆ ಫೋನು ಮಾಡಿದರು. ಮಧ್ಯಾಹ್ನದ ಒಳಗೆ ನನ್ನ ಎದೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಸೋನೋಗ್ರಫಿಯಂಥ ಒಂದು ಪರೀಕ್ಷೆ ಮಾಡಿದರು, ಎಕೋ ಎನ್ನುತ್ತಾರೆ ಅದಕ್ಕೆ. ಪರದೆಯ ಮೇಲೆ ನನ್ನ ಹೃದಯ ಕಾಣಿಸಿತು. ಅದು ಬಡಿಯುತ್ತಿತ್ತು, ಆದರೆ ಆಲಸಿ ಹುಡುಗಿ ಕಸ ಗುಡಿಸುವ ಹಾಗೆ, ಪೂರ್ತಿ ಅಲ್ಲ.

ಹೃದಯದ ಡಾಕ್ಟರು ನಿಧಾನವಾಗಿ, ಮರಾಠಿಯಲ್ಲಿ, ಅತ್ತೆಗೂ ಅವ್ವನಿಗೂ ತಿಳಿಯುವ ಹಾಗೆ ಹೇಳಿದರು. ಆ ಕೆಂಪು ಔಷಧವೇ ನನ್ನನ್ನು ಬದುಕಿಸಿದ್ದು. ಆದರೆ ಕೆಲವರಲ್ಲಿ ಅದು ಹೃದಯದ ಸ್ನಾಯುವನ್ನು ಒಂದಿಷ್ಟು ಸೋಲಿಸಿ ಹೋಗಿರುತ್ತದೆ. ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಬಸಿರಿನಲ್ಲಿ ಮೈಯ ರಕ್ತ ಹೆಚ್ಚಾಗುತ್ತದೆ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ, ಆಗ ಸೋಲು ಹೊರಗೆ ಬೀಳುತ್ತದೆ. ನೀರು ಮೈಯಲ್ಲಿ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಇಂಥ ಔಷಧ ಪಡೆದ ಎಲ್ಲರಿಗೂ ಹೀಗಾಗುವುದಿಲ್ಲ, ಎಷ್ಟೋ ಜನ ಆರಾಮಾಗಿ ಹೆತ್ತು ಮನೆಗೆ ಹೋಗುತ್ತಾರೆ. ಆದರೆ ಮೊದಲೇ ಹೇಳಬೇಕು, ಬಸುರಿಯಾಗುವ ಮೊದಲೇ ಹೃದಯ ನೋಡಿಸಿಕೊಳ್ಳಬೇಕು.

"ಕೂಸು?" ಎಂದು ಕೇಳಿದೆ.

"ಈಗ ಬಂದಿರಿ. ಇಬ್ಬರನ್ನೂ ನೋಡಿಕೊಳ್ಳುತ್ತೇವೆ," ಅಂದರು. "ಮನೆಗೆ ಹೋಗಿ ಇನ್ನೂ ಒಂದು ವಾರ ಬಿಟ್ಟು ಬಂದಿದ್ದರೆ ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ."

ಸಂಜೆಯ ಬಸ್ಸು, ಮೈಂದರ್ಗಿ, ಬಾಗಿಲ ಬಳಿ ಕಟ್ಟಿಟ್ಟ ಚೀಲ ನೆನಪಾದವು. ಅವತ್ತೇ ನನ್ನನ್ನು ಅಡ್ಮಿಟ್ ಮಾಡಿಕೊಂಡರು.

ಕೆಂಪು ಔಷಧ ಎಷ್ಟು ಕೊಟ್ಟಿದ್ದರು ಎಂದು ಡಾಕ್ಟರಿಗೆ ಬೇಕಿತ್ತು. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅವ್ವ ಮೈಂದರ್ಗಿಗೆ ಹೋಗಿ ಮಧ್ಯಾಹ್ನಕ್ಕೆ ವಾಪಸು ಬಂದಳು. ಎದೆಗವಚಿಕೊಂಡು ತಂದಿದ್ದ ಮದುವೆಯ ಸೀರೆಯನ್ನು ಡಾಕ್ಟರ ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಫೈಲು. ಒಂದು ಹಾಳೆ ಹರಿದಿರಲಿಲ್ಲ, ಒಂದು ಮೂಲೆ ಮಡಿಚಿರಲಿಲ್ಲ. ಬೇವಿನ ಎಲೆ ಹಾಕಿ ಹುಳು ಬೀಳದಂತೆ ಕಾಪಾಡಿದ್ದಳು. ಜಗತ್ತಿನಿಂದ ಮುಚ್ಚಿಟ್ಟ ಕಾಗದವನ್ನು ನನ್ನ ಅವ್ವ ಹಾಗೆ ಕಾಯ್ದಿದ್ದಳು.

ಕೊನೆಯ ಹಾಳೆ ಇಂಗ್ಲಿಷಿನಲ್ಲಿತ್ತು. ಡಾಕ್ಟರು ಓದಿ ನನ್ನ ಕೈಗೆ ಕೊಟ್ಟರು. ಈ ಮಗುವಿನ ಹೃದಯವನ್ನು ಮುಂದೆಯೂ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು, ದೊಡ್ಡವಳಾಗಿ ಬಸುರಿಯಾಗುವ ಮೊದಲಂತೂ ತಪ್ಪದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

"ಏನ್ ಬರದಾರ?" ಎಂದಳು ಅವ್ವ.

ಹೇಳಿದೆ. ಅವ್ವ ಗೋಡೆ ಹಿಡಿದು ಕೂತಳು. "ಬಾಯಿಲೆನೂ ಹೇಳಿದ್ರವ್ವಾ ಅವರು. ಎದಿ ತೋರಸಕೋತ ಇರ್ರಿ ಅಂದಿದ್ರು. ನಾ ಅವತ್ತ ಗುಣಾತು ಅನ್ನೂದೊಂದ ಕೇಳಿಸಿಕೊಂಡೆ. ಮುಂದಿಂದು ಕಿವಿಗಿ ಬೀಳಲಿಲ್ಲ."

ಆ ಹಾಳೆ ಓದುವ ವಿದ್ಯೆ ನನಗಿತ್ತು, ಅವಳಿಗಿರಲಿಲ್ಲ. ಅವಳ ತಲೆಯನ್ನು ನನ್ನ ಹೊಟ್ಟೆಗೆ ಒರಗಿಸಿಕೊಂಡೆ. ಕೂಸು ಒದ್ದಿತು, ಅವ್ವನ ಕೆನ್ನೆಗೇ.

ಅತ್ತೆ ಅದೇ ವಾರ ಲೇಡಿ ಡಾಕ್ಟರ ದವಾಖಾನೆಗೆ ಹೋಗಿ ಹಳೆಯ ಫಾರ್ಮು ಕೇಳಿ ತೆಗೆಸಿದರು. ಹೊಸದು ಕೊಡುತ್ತೇವೆ ಎಂದರೂ ಒಪ್ಪಲಿಲ್ಲ. ಕಾಮಣಿ ಎಂದು ಬರೆದದ್ದರ ಮೇಲೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಬದಿಗೆ ಸಹಿ ಹಾಕಿ ತಾರೀಖು ಹಾಕಿದರು. ಆಫೀಸಿನಲ್ಲಿ ತಪ್ಪು ತಿದ್ದುವ ಕ್ರಮ ಅದು, ತಪ್ಪು ಕಾಣಿಸುತ್ತಿರಬೇಕು, ತಿದ್ದಿದವರು ಯಾರೆಂದೂ ಕಾಣಿಸುತ್ತಿರಬೇಕು. ಹಾಗೆಂದು ನನಗೆ ಬಂದು ಹೇಳಿದರು, ಇನ್ನೂ ಸ್ವಲ್ಪ ಮುನಿಸಿನಿಂದಲೇ.

ನೀರಿಳಿಯುವ ಔಷಧ, ಹೃದಯಕ್ಕೆ ಬಲ ಕೊಡುವ ಗುಳಿಗೆ, ಕೂಸಿಗೆ ಆಗಬಹುದಾದದ್ದನ್ನು ಮಾತ್ರ ಆರಿಸಿ ಕೊಟ್ಟರು. ನಾಲ್ಕೇ ದಿನಕ್ಕೆ ದಿಂಬು ಮೂರರಿಂದ ಎರಡಕ್ಕೆ ಇಳಿಯಿತು. ಉಸಿರು ಎಂದರೆ ಏನು ಎಂದು ಅದು ತಿರುಗಿ ಬಂದಾಗ ಗೊತ್ತಾಯಿತು. ವಾರದ ಕೊನೆಗೆ ಮಾವಶಿ ಆಸ್ಪತ್ರೆಗೇ ಬಂದರು. ನಾನು ಅವರನ್ನು ನೋಡಿ ನಾಚಿ ಹೋದೆ. "ಸಿಟ್ಟಿನಾಗ ಏನೇನೋ ಅಂದೆ ಮಾವಶಿ," ಅಂದೆ. "ಬಸುರಿ ಬೈದ್ರ ಆಯುಷ್ಯ ಬೆಳೀತದ, ಕೈ ಕೊಡು," ಎಂದು ಹೆಬ್ಬೆರಳು ಒತ್ತಿ ನೋಡಿದರು. ಕೈಗೆ ಸೂಜಿ ಚುಚ್ಚಿಡಬೇಕಾದ್ದರಿಂದ ನರ್ಸಮ್ಮ ಒಂದೊಂದೇ ಬಳೆಗೆ ಒಪ್ಪಿದಳು. ಸವಾದೋನ, ಒಂದು ಕೈಗೆ ಒಂದು. ಅತ್ತೆ ಚೀಲದಿಂದ ಕುಂಕುಮದ ಭರಣಿ ತೆಗೆದರು. ಅದೇ ನನ್ನ ಕುಬಸ.

ತವರಿಗೆ ಹೋಗುವುದು ತಪ್ಪಿತಲ್ಲ ಎಂದು ಅವ್ವ ಕಣ್ಣೀರು ಹಾಕಿದಾಗ ಅತ್ತೆಯೇ ಹೇಳಿದರು, "ಆಕಿ ತವರಿಗಿ ಹೋಗಾಕ ಬರಂಗಿಲ್ಲ. ತವರಾ ಇಲ್ಲಿಗಿ ಬರಲಿ. ಆ ಕಡೀ ಖೋಲಿ ನಿಮ್ದು ಬೀಗತ್ಯಾರ, ಅದು ಮೈಂದರ್ಗಿ ಅಂತ ತಿಳಕೋರಿ." ನಾನು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅವ್ವ ಟ್ರಂಕಿನ ಸಮೇತ ಬಂದಿದ್ದಳು. ಎರಡು ತಿಂಗಳು ಒಂದೇ ಅಡುಗೆಮನೆಯಲ್ಲಿ ಇಬ್ಬರು ಬೀಗತಿಯರು. ಡಾಕ್ಟರು ನನಗೆ ಉಪ್ಪು ಕಡಿಮೆ ಅಂದದ್ದಕ್ಕೆ ಅತ್ತೆ ಇಡೀ ಮನೆಯ ಅಡುಗೆಯನ್ನೇ ಅಳಣಿ ಮಾಡಿದರು. ಸಪ್ಪೆ ಸಾರು, ಸಪ್ಪೆ ಪಲ್ಯ, ಸಪ್ಪೆ ಚಟ್ನಿ. ನಮ್ಮವರು ತುತ್ತು ಬಾಯಿಗಿಟ್ಟು ಮುಖ ಕಿವುಚಿದರೆ, "ಮೂರು ವರ್ಷ ಟೈಮ್ ನೋಡೀದಿ, ಈಗ ಸುಮ್ಮ ಉಣ್ಣು," ಎಂದು ತಾಯಿ ಗದರುತ್ತಿದ್ದರು. ಅವ್ವ ಮಾತ್ರ ಕದ್ದು ಅಳಿಯನಿಗೆ ಉಪ್ಪಿನಕಾಯಿ ಹಾಕುತ್ತಿದ್ದಳು.

ಹೆರಿಗೆಯ ದಿನವನ್ನು ಡಾಕ್ಟರುಗಳೇ ಗೊತ್ತುಮಾಡಿದರು, ಇಬ್ಬರೂ ಎದುರಿಗಿರುವ ಹಾಗೆ. ನೋವು ತಿಳಿಯದ ಹಾಗೆ ಬೆನ್ನಿಗೆ ಸೂಜಿ ಕೊಟ್ಟರು, ಹೃದಯಕ್ಕೆ ದುಡಿತ ಕಡಿಮೆಯಾಗಲೆಂದು. ಒಬ್ಬರು ಹೊಟ್ಟೆಯ ಕಡೆ, ಒಬ್ಬರು ಎದೆಯ ಯಂತ್ರದ ಕಡೆ. ಮಧ್ಯಾಹ್ನ ಊಟದ ಹೊತ್ತಿಗೆ ಮಗಳು ಹುಟ್ಟಿದಳು. ಗಂಡು ಎಂದು ಭವಿಷ್ಯ ಹೇಳಿದವರೆಲ್ಲ ಬಾಯಿ ಮುಚ್ಚುವಷ್ಟು ಜೋರಾಗಿ ಅತ್ತಳು. ಹೆತ್ತ ಮೇಲಿನ ವಾರಗಳೂ ಎಚ್ಚರದ ಕಾಲವೇ ಎಂದು ನನ್ನನ್ನು ಬೇಗ ಬಿಡಲಿಲ್ಲ. ಮನೆಗೆ ಕಳಿಸುವಾಗ ನರ್ಸಮ್ಮ ದಿನವೂ ಬೆಳಿಗ್ಗೆ ತೂಕ ನೋಡಬೇಕು, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಐದು ಎಣಿಸಿ ಬಿಟ್ಟು ಕುಣಿ ಬೀಳುತ್ತದೋ ನೋಡಬೇಕು ಎಂದು ಕಲಿಸಿದಳು. ಅವಳು ಕಲಿಸಿದ್ದು ನನಗೆ, ಕಲಿತದ್ದು ಅತ್ತೆ.

ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ಬೆಳಿಗ್ಗೆ ಚಹಾ ಆದ ಮೇಲೆ ಅತ್ತೆ ನನ್ನ ಮುಂದೆ ನೆಲಕ್ಕೆ ಕೂತು ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಮೊದಲ ದಿನ ನಾನು ಕಾಲು ಎಳೆದುಕೊಂಡೆ. ಹಿರಿಯರು ಸೊಸೆಯ ಕಾಲು ಮುಟ್ಟುವುದುಂಟೇ? "ಇಡು ಕಾಲು. ನಖರಾ ಮಾಡಬ್ಯಾಡ," ಎಂದು ಗದರಿದರು. ಈಗ ನನಗೂ ರೂಢಿಯಾಗಿದೆ. ಎಕೋದಲ್ಲಿ ಹೃದಯ ಬಹಳಷ್ಟು ಸುಧಾರಿಸಿದೆ, ಗುಳಿಗೆ ಮುಂದುವರಿದಿದೆ. ಇನ್ನೊಂದು ಮಗುವಿನ ಆಸೆಯಿದ್ದರೆ ಮೊದಲು ನನ್ನ ಹತ್ತಿರ ಬನ್ನಿ, ಆಮೇಲೆ ದೇವರ ಹತ್ತಿರ ಹೋಗಿ ಎಂದು ಹೃದಯದ ಡಾಕ್ಟರು ನಕ್ಕು ಹೇಳಿದ್ದಾರೆ.

ನಾನು ತಿರುಗಿ ಶಾಲೆಗೆ ಹೋಗತೊಡಗಿದ ಹೊಸದರಲ್ಲಿ, ಒಂದು ಬೆಳಿಗ್ಗೆ, ತಡವಾಗಿತ್ತೆಂದು ಕಟ್ಟೆಯ ಮೇಲೇ ಕೂತು ಕಾಲು ಚಾಚಿದ್ದೆ. ಅತ್ತೆ ಕೆಳಗಿನ ಮೆಟ್ಟಿಲಲ್ಲಿ ಕೂತು ಒತ್ತುತ್ತಿದ್ದರು. ಮೈಂದರ್ಗಿಯಿಂದ ಹಿಂದಿನ ದಿನ ಬಂದಿದ್ದ ಅವ್ವ ಬಾಗಿಲಲ್ಲಿ ಕೂಸನ್ನು ಆಡಿಸುತ್ತಿದ್ದಳು. ಹಾಲು ತರಲು ಹೊರಟಿದ್ದ ಎದುರು ಮನೆಯಾಕೆ ನಿಂತುಬಿಟ್ಟಳು.

"ಅಯ್ಯ ಅಕ್ಕಾರ, ಸೊಸಿ ಕಾಲು ಒತ್ತಾಕತ್ತೀರೇನ್ರಿ? ಎಂಥಾ ಕಾಲ ಬಂತ್ರೆವ್ವಾ!"

ಅತ್ತೆ ತಲೆ ಎತ್ತಲಿಲ್ಲ, ಎಣಿಕೆಯಲ್ಲಿದ್ದರು. ಉತ್ತರ ಹಿಂದಿನಿಂದ ಬಂತು.

"ಸಣ್ಣಾಕಿದ್ದಾಗ ಇಕಿಗಿ ಕ್ಯಾನ್ಸರ್ ಆಗಿತ್ರೀ."

ಅವ್ವ. ಇಪ್ಪತ್ತು ವರ್ಷಗಳಲ್ಲಿ ಆ ಶಬ್ದ ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿರಲೇ ಇಲ್ಲ. ಆಸ್ಪತ್ರೆಯಲ್ಲೂ ಅವಳು ಆ ಬ್ಯಾನಿ ಎಂದೇ ಅನ್ನುತ್ತಿದ್ದಳು. ದನಿ ಓಣಿಗೆ ಕೇಳುವಷ್ಟಿತ್ತು.

"ಮುಡಿ ಕೊಟ್ಟೀವಿ ಅಂತ ಹೇಳಿದ್ದೆ, ಅದು ಸುಳ್ಳರಿ. ಕಾಮಣಿನೂ ಸುಳ್ಳ. ಕ್ಯಾನ್ಸರ್ ಆಗಿತ್ತು, ಗೆದ್ದಾಳ. ಆ ಔಷಧ ಎದಿಗಿ ಬಡದಿತ್ತು. ಅದಕ ಕಾಲಾಗ ನೀರು ನಿಂತದೇನು ನೋಡಾಕತ್ತಾರ."

ಎದುರು ಮನೆಯಾಕೆ ಹಾಲಿನ ಪಾತ್ರೆ ಹಿಡಿದು ಹಾಗೇ ನಿಂತಳು. ಅವಳಿಗೆ ಮುಡಿಯ ಸುದ್ದಿ ಯಾರು ಹೇಳಿದ್ದರು ಪಾಪ. ಅವ್ವ ಮೈಂದರ್ಗಿಯ ಆ ಮುದುಕಿಗೆ ಉತ್ತರ ಕೊಡುತ್ತಿದ್ದಳು. ಆಮೇಲೆ ಕೂಸನ್ನು ನನ್ನ ಮಡಿಲಿಗೆ ಕೊಟ್ಟು, ಇಳಿದು ಬಂದು, ಅತ್ತೆಯ ಪಕ್ಕದಲ್ಲಿ ಕೂತು ನನ್ನ ಇನ್ನೊಂದು ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಹಿಂಗೇನ್ರಿ ಬೀಗತ್ಯಾರ?"

"ಇನ್ನಷ್ಟ ಗಟ್ಟಿ ಒತ್ರಿ. ಐದು ಎಣಸ್ರಿ," ಅಂದರು ಅತ್ತೆ.

ಅವ್ವ ಎಣಿಸಿದಳು. ಹೆಬ್ಬೆರಳು ತೆಗೆದಳು. ಇಬ್ಬರೂ ಬಗ್ಗಿ ನೋಡಿದರು.

"ಕುಣಿ ಬಿದ್ದಿಲ್ರಿ," ಎಂದಳು ಅವ್ವ. ಅವತ್ತು ನನ್ನ ಬಸ್ಸು ತಪ್ಪಿತು.